ದೀದಿಯ ಹಾಜರಿ ಪುಸ್ತಕ

ಕೋಲ್ಕತ್ತದ ದಕ್ಷಿಣ ಅಂಚಿನಲ್ಲಿ, ಸಿಯಾಲ್ದಾ ಕಡೆಯ ಲೋಕಲ್ ರೈಲು ಹಾದುಹೋಗುವ ಹಳಿಗೆ ಅಂಟಿಕೊಂಡಂತೆ ಒಂದು ಮೈದಾನವಿದೆ. ಒಂದು ಬದಿ ಪಾಚಿಗಟ್ಟಿದ ಕೊಳ, ಇನ್ನೊಂದು ಬದಿ ಪಾಡಾದ ಕ್ಲಬ್ಬಿನ ಒಂಟಿ ಕೋಣೆ. ಪಾಡಾ ಅಂದರೆ ನಮ್ಮ ಕೇರಿ, ಓಣಿ ಇದ್ದ ಹಾಗೆ. ಮಧ್ಯಾಹ್ನ ಮೂರೂವರೆಗೆ ಶಾಲೆ ಬಿಟ್ಟ ಹುಡುಗಿಯರು ಸೈಕಲ್ ತುಳಿದುಕೊಂಡು ಅಲ್ಲಿಗೆ ಬರುತ್ತಾರೆ. ಬ್ಯಾಗು, ಸಮವಸ್ತ್ರದ ದುಪಟ್ಟಾ, ಬಳೆ ಎಲ್ಲ ಗೋಡೆಯ ಪಕ್ಕ ರಾಶಿ ಬೀಳುತ್ತವೆ. ಒಬ್ಬಳು ಬೂಟಿನೊಳಗೆ ಹಳೆಯ ಪೇಪರ್ ತುರುಕುತ್ತಿದ್ದಳು. ಅಕ್ಕನ ಬೂಟು, ಎರಡು ಸೈಜು ದೊಡ್ಡದು.

ಅವರ ಕೋಚ್ ನಲವತ್ತು ದಾಟಿದ ಹೆಂಗಸು. ಒಂದು ಕಾಲಕ್ಕೆ ರಾಜ್ಯ ತಂಡಕ್ಕೆ ಆಡಿದವರು. ಹುಡುಗಿಯರಿಗೆಲ್ಲ ಅವರು ‘ದೀದಿ’. ಅವರ ಹೆಸರಾಗಲಿ ಶಾಲೆಯ ಹೆಸರಾಗಲಿ ಇಲ್ಲಿ ಬೇಡ. ಕೊರಳಲ್ಲಿ ಸೀಟಿ, ಕೈಯಲ್ಲಿ ಉದ್ದನೆಯ ಒಂದು ನೋಟ್‌ಬುಕ್ಕು. ಅದರಲ್ಲಿ ಅವರು ಕೈಯಾರೆ ಗೆರೆ ಎಳೆದುಕೊಂಡ ಐದು ಕಲಂಗಳಿವೆ. ಹೆಸರು, ಕ್ಲಾಸು, ಬಂದ ಹೊತ್ತು ಮೊದಲ ಮೂರು. ನಾಲ್ಕನೆಯದರ ತಲೆಯ ಮೇಲೆ ಬಂಗಾಳಿಯಲ್ಲಿ ‘ಖೇಯೇಛೆ?’ ಎಂದು ಬರೆದಿತ್ತು, ಅಂದರೆ ‘ತಿಂದಿದ್ದಾಳಾ?’. ಐದನೆಯ ಕಲಂಗೆ ತಲೆಬರಹ ಇರಲಿಲ್ಲ, ಅಲ್ಲಲ್ಲಿ ಪೆನ್ಸಿಲಿನ ಚುಕ್ಕಿ ಮಾತ್ರ. ಅದು ಮುಟ್ಟಿನ ದಿನಗಳ ಗುರುತು ಎಂದು ಆಮೇಲೆ ಗೊತ್ತಾಯಿತು. ಆ ದಿನ ಆ ಹುಡುಗಿಯನ್ನು ಆಟದಿಂದ ಹೊರಗಿಡುವುದಿಲ್ಲ, ಓಟ ಕಡಿಮೆ ಮಾಡಿ ಪಾಸಿಂಗ್ ಹೆಚ್ಚು ಕೊಡುತ್ತಾರೆ ಅಷ್ಟೆ.

ಹೈಸ್ಕೂಲು ಹುಡುಗಿಯರ ಫುಟ್‌ಬಾಲ್ ಅಂದರೆ ಏನು, ಅದನ್ನು ಕಟ್ಟುವವರು ಯಾರು ಎಂದು ಯಾರಾದರೂ ಕೇಳಿದರೆ ನಾನು ಇನ್ನು ಮುಂದೆ ಈ ನೋಟ್‌ಬುಕ್ಕಿನಿಂದಲೇ ಶುರು ಮಾಡುತ್ತೇನೆ. ಅದರಲ್ಲೂ ಆ ನಾಲ್ಕನೇ ಕಲಂನಿಂದ.

ಪಶ್ಚಿಮ ಬಂಗಾಳದ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಎಂಟನೇ ತರಗತಿಗೆ ಮುಗಿಯುತ್ತದೆ. ಕೇಂದ್ರದ ಯೋಜನೆ ಇರುವುದೇ ಅಲ್ಲಿಯವರೆಗೆ. ಕರ್ನಾಟಕದಲ್ಲಿ ರಾಜ್ಯ ಸರ್ಕಾರ ತನ್ನ ಹಣ ಹಾಕಿ ಅದನ್ನು ಹತ್ತನೆಯವರೆಗೂ ಒಯ್ದಿದೆ. ಅದು ನಮಗೆ ಎಷ್ಟು ಅಭ್ಯಾಸವಾಗಿದೆ ಅಂದರೆ ಎಲ್ಲ ಕಡೆಯೂ ಹೀಗೇ ಇರಬೇಕು ಅಂದುಕೊಂಡಿರುತ್ತೇವೆ. ಎಂಟು ಪಾಸಾಗಿ ಒಂಬತ್ತಕ್ಕೆ ಬಂದ ಬಂಗಾಳದ ಹುಡುಗಿ ಬೆಳಿಗ್ಗೆ ಒಂಬತ್ತಕ್ಕೆ ಉಂಡ ಅನ್ನದ ಮೇಲೆ ಸಂಜೆ ನಾಲ್ಕಕ್ಕೆ ಮೈದಾನಕ್ಕೆ ಇಳಿಯುತ್ತಾಳೆ. ಶಾಲಾ ತಂಡಕ್ಕೆ ಆಯ್ಕೆಯಾಗುವ ವಯಸ್ಸೂ ಅದೇ, ಮೈ ಬೆಳೆಯುವ ವಯಸ್ಸೂ ಅದೇ, ಶಾಲೆಯ ತಟ್ಟೆ ಕೈಬಿಡುವ ವಯಸ್ಸೂ ಅದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಪಶ್ಚಿಮ ಬಂಗಾಳದಲ್ಲಿ ಶೇ 71ಕ್ಕಿಂತ ಹೆಚ್ಚು. ಕರ್ನಾಟಕದಲ್ಲಿ ಸುಮಾರು ಶೇ 48. ಶಾಲೆಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುವ ಕಾರ್ಯಕ್ರಮ ದೇಶದಾದ್ಯಂತ ಇದೆ. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತದೆ, ಹಾಗಾಗಿ ಹುಡುಗಿಯರು ಅದನ್ನು ಕಿಟಕಿಯಾಚೆ ಎಸೆಯುತ್ತಾರೆ. ದೀದಿ ತಮ್ಮ ಹುಡುಗಿಯರಿಗೆ ಆ ಮಾತ್ರೆಯನ್ನು ಮೈದಾನಕ್ಕೆ ತರಲು ಹೇಳಿದ್ದಾರೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆನೆಸಿದ ಕಡಲೆ, ಒಂದು ಉಂಡೆ ಬೆಲ್ಲ, ಒಬ್ಬೊಬ್ಬರಿಗೆ ಅರ್ಧ ನಿಂಬೆಹಣ್ಣು. ಅದು ಹೊಟ್ಟೆಗೆ ಬಿದ್ದ ಮೇಲೆ ಮಾತ್ರೆ. ‘ಖೇಯೇಛೆ’ ಕಲಂನಲ್ಲಿ ಸರಿ ಗುರುತು ಬಿದ್ದ ಮೇಲೇ ಚೆಂಡು ಉರುಳುವುದು. ಕಡಲೆಗೆ ದುಡ್ಡು ಯಾರದು ಎಂದು ಕೇಳಿದೆ. ಅವರು ಉತ್ತರ ಹೇಳದೆ ಸೀಟಿ ಊದಿದರು.

ಫುಟ್‌ಬಾಲ್ ಬಗ್ಗೆ ಕೋಲ್ಕತ್ತಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಆಟವನ್ನು ನಡೆಸುವ ಐಎಫ್‌ಎ ಎಂಬ ಸಂಸ್ಥೆ ಇಲ್ಲಿ ಹುಟ್ಟಿದ್ದು 1893ರಲ್ಲಿ. 1911ರ ಜುಲೈ 29ರಂದು ಮೋಹನ್ ಬಾಗಾನ್ ಕ್ಲಬ್ಬಿನ ಹುಡುಗರು, ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಲ್ಲಿ, ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬೂಟುಗಾಲಿನ ಸೈನಿಕರನ್ನು 2-1ರಿಂದ ಸೋಲಿಸಿ ಐಎಫ್‌ಎ ಷೀಲ್ಡ್ ಗೆದ್ದ ಕಥೆ ಇಲ್ಲಿನ ಮಕ್ಕಳಿಗೆ ಪಾಠಕ್ಕಿಂತ ಮೊದಲು ಬಾಯಿಗೆ ಬರುತ್ತದೆ. ಆದರೆ ಆ ಕಥೆಯಲ್ಲಿ ಹೆಣ್ಣುಮಕ್ಕಳು ಇರುವುದು ಕಾದು ಕಾದು ಗಂಡಸರಿಗೆ ಊಟ ಬಡಿಸುವ ಅಮ್ಮಂದಿರಾಗಿ ಮಾತ್ರ.

ಅವರು ಮೈದಾನಕ್ಕೆ ಇಳಿದ ಕಥೆ ಬೇರೆಯೇ ಇದೆ. ಅದನ್ನು ಹೇಳುವವರು ಕಡಿಮೆ. 1975ರಲ್ಲಿ ಭಾರತ ಮಹಿಳಾ ಫುಟ್‌ಬಾಲ್ ಫೆಡರೇಷನ್ ಹುಟ್ಟಿತು. ಪುರುಷರ ಫುಟ್‌ಬಾಲ್ ನಡೆಸುತ್ತಿದ್ದ ಸಂಸ್ಥೆಗೆ ಆಗ ಹುಡುಗಿಯರ ಆಟ ಬೇಕಿರಲಿಲ್ಲ, ಹಾಗಾಗಿ ಬೇರೆಯೇ ಮನೆ ಕಟ್ಟಬೇಕಾಯಿತು. ಭಾರತದ ಮಹಿಳಾ ತಂಡವನ್ನು ಮೊದಲು ತಿದ್ದಿದವರು ಕೋಲ್ಕತ್ತದ ಸುಶೀಲ್ ಭಟ್ಟಾಚಾರ್ಯ. ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಕೋಚ್ ಆಗಿದ್ದವರು, ಹೆಸರು ಮಾಡಿದವರು. ಗಂಡಸರ ದೊಡ್ಡ ಕ್ಲಬ್ಬಿನ ಕೋಚ್ ಒಬ್ಬರು ಬಂದು ಹುಡುಗಿಯರಿಗೆ ಚೆಂಡು ತಡೆಯುವುದು ಹೇಗೆಂದು ಕಲಿಸಲು ನಿಂತದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅವರ ಕೈಕೆಳಗೆ ಬಂಗಾಳದ ಶಾಂತಿ ಮಲ್ಲಿಕ್, ಕುಂತಲಾ ಘೋಷ್ ದಸ್ತಿದಾರ್ ಅಂಥವರು ಬೆಳೆದರು. 1980ರ ಜನವರಿಯಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಎರಡನೇ ಸ್ಥಾನ ಪಡೆಯಿತು. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಎರಡನೇ ಸ್ಥಾನ. ಅದೇ ವರ್ಷದ ಅರ್ಜುನ ಪ್ರಶಸ್ತಿ ಶಾಂತಿ ಮಲ್ಲಿಕ್ ಅವರಿಗೆ ಬಂತು, ಫುಟ್‌ಬಾಲ್‌ಗಾಗಿ ಆ ಪ್ರಶಸ್ತಿ ಪಡೆದ ಮೊದಲ ಹೆಣ್ಣುಮಗಳು. ಎರಡನೆಯವರಾದ ಮಣಿಪುರದ ಬೆಂಬೆಂ ದೇವಿಗೆ ಅದು ಸಿಕ್ಕಿದ್ದು 2017ರಲ್ಲಿ. ನಡುವೆ 34 ವರ್ಷ.

ಆ 34 ವರ್ಷಗಳಲ್ಲಿ ಬಂಗಾಳದ ಮುನ್ನಡೆ ಕರಗಿತು. ಮೊದಮೊದಲು ರಾಷ್ಟ್ರೀಯ ಪಂದ್ಯಾವಳಿ ಬಂಗಾಳದ ಹುಡುಗಿಯರದೇ ಆಗಿತ್ತು. 90ರ ದಶಕದಿಂದ ಮಣಿಪುರ ಮುಂದೆ ಬಂದು 20ಕ್ಕೂ ಹೆಚ್ಚು ಸಲ ಗೆದ್ದುಕೊಂಡಿತು. ಬಂಗಾಳದ ಹುಡುಗಿಯರ ಕಾಲಿನಲ್ಲಿ ಆಟ ಕಡಿಮೆಯಾಗಿತ್ತು ಎಂದು ನನಗನ್ನಿಸುವುದಿಲ್ಲ. ಶಾಂತಿ, ಕುಂತಲಾ ಬಂದ ದಾರಿಗೆ ಕೆಳಗಿನಿಂದ ಮೆಟ್ಟಿಲು ಕಟ್ಟಲಿಲ್ಲ. ಆ ಮೆಟ್ಟಿಲು ಇರಬೇಕಾದದ್ದು ಶಾಲೆಯಲ್ಲಿ.

ಶಾಲೆಯ ಮೆಟ್ಟಿಲಿನ ಹೆಸರು ಸುಬ್ರತೊ ಕಪ್. ಭಾರತೀಯ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ಏರ್ ಮಾರ್ಷಲ್ ಸುಬ್ರತೊ ಮುಖರ್ಜಿಯವರ ಹೆಸರಿನದು. ಅವರು ಹುಟ್ಟಿದ್ದು ಕೋಲ್ಕತ್ತದಲ್ಲಿ, ಅದೂ ಮೋಹನ್ ಬಾಗಾನ್ ಷೀಲ್ಡ್ ಗೆದ್ದ 1911ರಲ್ಲೇ. ಶಾಲಾ ಮಕ್ಕಳಿಗಾಗಿ ಈ ಪಂದ್ಯಾವಳಿ ಶುರುವಾದದ್ದು 1960ರಲ್ಲಿ. ಅದರಲ್ಲಿ ಹುಡುಗಿಯರಿಗೆ 17 ವರ್ಷದೊಳಗಿನವರ ವಿಭಾಗ ಬಂದದ್ದು 2012ರಲ್ಲಿ. ಅಣ್ಣನಿಗೆ ಸಿಕ್ಕ ಪಂದ್ಯ ತಂಗಿಗೆ ಸಿಗಲು 52 ವರ್ಷ ಬೇಕಾಯಿತು. ಹೈಸ್ಕೂಲು ಹುಡುಗಿಯರ ಫುಟ್‌ಬಾಲ್ ದೊಡ್ಡದಾಗಿ ಬೆಳೆದ ಅಮೆರಿಕದಲ್ಲೂ ಅದು ತಾನಾಗಿ ಆದದ್ದಲ್ಲ. 1972ರಲ್ಲಿ ಶಿಕ್ಷಣದಲ್ಲಿ ಗಂಡು ಹೆಣ್ಣು ಭೇದ ಮಾಡಕೂಡದು ಎಂಬ ಕಾನೂನು ಬಂತು. ಅದರ ಹಿಂದಿನ ವರ್ಷ ಅಲ್ಲಿ ಹೈಸ್ಕೂಲು ಫುಟ್‌ಬಾಲ್ ತಂಡಗಳಲ್ಲಿ ಆಡುತ್ತಿದ್ದ ಹುಡುಗಿಯರು ಬರೀ 700. ಈಗ ಮೂರೂವರೆ ಲಕ್ಷಕ್ಕೂ ಹೆಚ್ಚು. ಆ ಕಾನೂನಿನಿಂದ ಶಾಲೆಗಳಿಗೆ ಹುಡುಗಿಯರಿಗೂ ಮೈದಾನ, ಕೋಚು, ಪಂದ್ಯ ಕೊಡಲೇಬೇಕಾಯಿತು. ಅಲ್ಲಿನ ಹೆಣ್ಣುಮಕ್ಕಳು ನಾಲ್ಕು ಸಲ ವಿಶ್ವಕಪ್ ಗೆದ್ದದ್ದರ ಬುಡ ಇರುವುದು ಆ ಶಾಲೆಗಳಲ್ಲಿ.

ಬಂಗಾಳದಲ್ಲಿ ಸುಬ್ರತೊ ಕಪ್‌ಗೆ ಹೋಗಬೇಕೆಂದರೆ ಉಪವಿಭಾಗ, ಜಿಲ್ಲೆ, ರಾಜ್ಯ ದಾಟಬೇಕು. ನಮ್ಮ ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳ ಹಾಗೆಯೇ. ಕೆಳ ಹಂತದಲ್ಲಿ ಸೋತವರು ಅವತ್ತೇ ಮನೆಗೆ. ಹನ್ನೊಂದು ತಿಂಗಳು ಕಲಿತ ಹುಡುಗಿಗೆ ವರ್ಷಕ್ಕೊಂದೇ ಪಂದ್ಯ ಸಿಕ್ಕಿದರೂ ಸಿಕ್ಕಿತು. ಈ ವ್ಯವಸ್ಥೆಯ ದೊಡ್ಡ ದೋಷ ಇದೇ ಎಂದು ನನಗೆ ಅನ್ನಿಸುತ್ತದೆ. ಆಡಿದರೆ ತಾನೇ ಆಟ ಬರುವುದು? ಹತ್ತಿರದ ಹತ್ತು ಶಾಲೆಗಳು ಸೇರಿ ಶನಿವಾರ ಶನಿವಾರ ಪಂದ್ಯ ಇಟ್ಟುಕೊಂಡರೆ ಕಪ್ ಬೇಡ, ಮೆಡಲೂ ಬೇಡ.

ದೀದಿಯ ಹುಡುಗಿಯರು ಬರುವುದು ನಾಲ್ಕಕ್ಕೆ, ಹೊರಡುವುದು ಐದೂವರೆಗೆ. ಆರಕ್ಕೆ ಟ್ಯೂಷನ್. ಬಂಗಾಳದಲ್ಲಿ ಟ್ಯೂಷನ್ ಅನ್ನುವುದು ಶಾಲೆಯಷ್ಟೇ ಗಟ್ಟಿ. 2022ರ ‘ಅಸರ್’ ಎಂಬ ಶಿಕ್ಷಣ ಸಮೀಕ್ಷೆಯಲ್ಲಿ ಅಲ್ಲಿನ ಗ್ರಾಮೀಣ ಭಾಗದ ಒಂದರಿಂದ ಎಂಟನೇ ಕ್ಲಾಸಿನ ಮಕ್ಕಳಲ್ಲಿ ಶೇ 74ರಷ್ಟು ಮಂದಿ ದುಡ್ಡು ಕೊಟ್ಟು ಟ್ಯೂಷನ್‌ಗೆ ಹೋಗುತ್ತಿದ್ದರು. ದೇಶದ ಸರಾಸರಿ ಶೇ 30ರ ಆಸುಪಾಸು. ಹತ್ತನೇ ಕ್ಲಾಸಿನ ಮಾಧ್ಯಮಿಕ್ ಪರೀಕ್ಷೆ ಹತ್ತಿರ ಬಂದ ಹಾಗೆ ಹುಡುಗಿಯರು ಒಬ್ಬೊಬ್ಬರೇ ಕಡಿಮೆಯಾಗುತ್ತಾರೆ. ಇನ್ನು ಕೆಲವರು ಕಡಿಮೆಯಾಗುವುದಕ್ಕೆ ಕಾರಣ ಪರೀಕ್ಷೆಯಲ್ಲ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 24 ವಯಸ್ಸಿನ ಬಂಗಾಳದ ಹೆಣ್ಣುಮಕ್ಕಳಲ್ಲಿ ಶೇ 41.6 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನಮ್ಮ ಕರ್ನಾಟಕದಲ್ಲಿ ಅದು ಶೇ 21.3. ಅದಕ್ಕೆ ನಾವು ಹೆಮ್ಮೆಪಡುವಂತಿಲ್ಲ.

ಬಂಗಾಳ ಸರ್ಕಾರ ಇದಕ್ಕೆ 2013ರಲ್ಲಿ ‘ಕನ್ಯಾಶ್ರೀ’ ಎಂಬ ಯೋಜನೆ ತಂದಿತು. 13 ದಾಟಿದ, ಓದುತ್ತಿರುವ, ಮದುವೆಯಾಗದ ಹುಡುಗಿಗೆ ಪ್ರತಿ ವರ್ಷ ಸಣ್ಣದೊಂದು ಮೊತ್ತ, 18 ತುಂಬಿದಾಗಲೂ ಓದುತ್ತಿದ್ದು ಮದುವೆಯಾಗದಿದ್ದರೆ ಒಟ್ಟಿಗೆ 25,000 ರೂಪಾಯಿ. 2017ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಕೋಲ್ಕತ್ತದ ಮಹಿಳಾ ಫುಟ್‌ಬಾಲ್ ಲೀಗಿಗೂ ಈಗ ಅದೇ ಹೆಸರು, ಕನ್ಯಾಶ್ರೀ ಕಪ್. ಹೆಸರು ಚೆನ್ನಾಗಿದೆ, ಹೊಂದುತ್ತದೆ ಕೂಡ. ಯಾಕೆಂದರೆ ಮದುವೆಯನ್ನು ಮುಂದೂಡುವ ಮಾತು ಬಂದಾಗ ಕೋಚ್ ಮಾಡುವ ಕೆಲಸ ಯೋಜನೆ ಮಾಡುವ ಕೆಲಸಕ್ಕೆ ಹತ್ತಿರದ್ದು. ಯೋಜನೆಯ ದುಡ್ಡು ಬ್ಯಾಂಕಿಗೆ ಬರುತ್ತದೆ, ಕೋಚ್ ಮನೆ ಬಾಗಿಲಿಗೆ ಬರುತ್ತಾರೆ.

ಅವತ್ತು ಒಂಬತ್ತನೇ ಕ್ಲಾಸಿನ ಒಬ್ಬಳ ಹೆಸರಿನ ಮುಂದೆ ಮೂರು ದಿನದಿಂದ ಖಾಲಿ ಇತ್ತು. ಆಟ ಮುಗಿದ ಮೇಲೆ ದೀದಿ ಅವಳ ಮನೆಗೆ ಹೊರಟರು, ನಾನೂ ಜೊತೆಗೆ ಹೋದೆ. ಕೊಳದ ಪಕ್ಕದ ಓಣಿ, ತಗಡಿನ ಮಾಡು. ಅಮ್ಮ ಊರೊಳಗಿನ ಮೂರು ಮನೆಗಳ ಕೆಲಸ ಮುಗಿಸಿ ಆಗತಾನೆ ರೈಲಿಳಿದು ಬಂದಿದ್ದರು.

“ಬೌದಿ, ಹುಡುಗಿ ಯಾಕೆ ಬರ್ತಿಲ್ಲ?” ದೀದಿ ಹೊಸ್ತಿಲಲ್ಲೇ ಕೂತರು. ಬೌದಿ ಅಂದರೆ ಅತ್ತಿಗೆ.

“ಅವರಪ್ಪ ಬೇಡ ಅಂತಾರೆ ದೀದಿ. ಬಿಸಿಲಲ್ಲಿ ಮೈ ಕಪ್ಪಾಯ್ತು, ಮಂಡಿ ಮೇಲೆ ಕಲೆ ಬಿತ್ತು. ನಾಳೆ ನೋಡೋಕೆ ಬಂದವರು ಕೇಳ್ತಾರೆ.”

“ನೋಡೋಕೆ ಯಾರಾದ್ರೂ ಬರ್ತಿದಾರಾ?”

ಅಮ್ಮ ಮಾತಾಡಲಿಲ್ಲ. ದೀದಿ ಭಾಷಣ ಮಾಡಲಿಲ್ಲ. ತಮ್ಮ ಸಲ್ವಾರ್ ಮಂಡಿಯವರೆಗೆ ಎತ್ತಿ ಹಳೆಯ ಹೊಲಿಗೆಯ ಕಲೆ ತೋರಿಸಿದರು. “ಈ ಕಲೆ ಇಟ್ಕೊಂಡೇ ನನಗೆ ಕೆಲಸ ಸಿಕ್ಕಿದ್ದು ಬೌದಿ. ಮದುವೆನೂ ಆಯ್ತು. ಅವಳಿಗೆ ಮಾಧ್ಯಮಿಕ್ ಮುಗೀಲಿ. ಟ್ಯೂಷನ್ ತಪ್ಪಿಸಲ್ಲ, ಕತ್ತಲಾಗೋ ಮೊದಲು ನಾನೇ ಮನೆಗೆ ತಂದು ಬಿಡ್ತೀನಿ.” ಒಳಗಿನಿಂದ ಹುಡುಗಿ ಎರಡು ಲೋಟ ಚಹಾ ತಂದಿಟ್ಟು, ತಲೆ ತಗ್ಗಿಸಿಕೊಂಡೇ ಅಲ್ಲೇ ನಿಂತಳು. ಅಪ್ಪ ಬಂದ ಮೇಲೆ ಮಾತಾಡೋಣ ಎಂದು ಅಮ್ಮ ಹೇಳಿದರು. ಭಾನುವಾರ ಮತ್ತೆ ಬರುತ್ತೇನೆ ಎಂದು ದೀದಿ ಎದ್ದರು.

ಆ ‘ಕೆಲಸ’ ಅನ್ನುವ ಮಾತು ಗಾಳಿಯಲ್ಲಿ ಬಿಟ್ಟದ್ದಲ್ಲ. ಕೋಲ್ಕತ್ತದಿಂದ 50 ಕಿಲೋಮೀಟರ್ ಉತ್ತರಕ್ಕಿರುವ ಕಲ್ಯಾಣಿ ಊರಿನ ಸಂಗೀತಾ ಬಾಸ್ಫೋರ್ ಸಶಸ್ತ್ರ ಸೀಮಾ ಬಲದ ಉದ್ಯೋಗಿ. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಆತಿಥೇಯರ ಮೇಲೆ ಎರಡೂ ಗೋಲು ಹೊಡೆದು 2-1ರಿಂದ ಗೆಲ್ಲಿಸಿ, ಅರ್ಹತಾ ಸುತ್ತಿನ ಮೂಲಕ ಭಾರತ ಮೊದಲ ಸಲ ಏಷ್ಯಾ ಕಪ್‌ಗೆ ಹೋಗುವಂತೆ ಮಾಡಿದವರು ಅವರೇ. ಅದೇ ವರ್ಷ ಈಸ್ಟ್ ಬೆಂಗಾಲ್ ತಂಡ ಭಾರತ ಮಹಿಳಾ ಲೀಗ್ ಗೆದ್ದಿತು, ಕೋಲ್ಕತ್ತದ ಕ್ಲಬ್ಬಿಗೆ ಮೊದಲ ಸಲ. ಸಂಗೀತಾ ಆ ತಂಡದಲ್ಲೂ ಇದ್ದರು. ಅವರ ಫೋಟೊ ದೀದಿಯ ನೋಟ್‌ಬುಕ್ಕಿನ ರಟ್ಟಿನ ಒಳಬದಿಗೆ ಅಂಟಿಸಿದೆ, ಅಪ್ಪಂದಿರಿಗೆ ತೋರಿಸುವುದಕ್ಕೆ. ಓದು, ಮಾರ್ಕ್ಸು, ಮದುವೆ ಅನ್ನುವ ಲೆಕ್ಕಕ್ಕೆ ‘ಸರ್ಕಾರಿ ಯೂನಿಫಾರ್ಮ್’ ಎಂಬ ಇನ್ನೊಂದು ಲೆಕ್ಕವೇ ಎದುರು ನಿಲ್ಲಬಲ್ಲದು ಎಂದು ದೀದಿಗೆ ಗೊತ್ತು.

ಈ ಕಡೆ ‘ಖೇಪ್’ ಎಂಬ ಸೆಳೆತವೂ ಇದೆ. ದುಡ್ಡು ಕೊಟ್ಟು ಆಟಗಾರರನ್ನು ಒಂದು ದಿನದ ಪಂದ್ಯಾವಳಿಗೆ ಕರೆಸಿಕೊಳ್ಳುವುದಕ್ಕೆ ಬಂಗಾಳದಲ್ಲಿ ಹೇಳುವ ಮಾತು ಅದು. ಹುಡುಗಿಯರಿಗೂ ಈಗ ಖೇಪ್ ಕರೆ ಬರುತ್ತದೆ ಎಂದು ದೀದಿ ಹೇಳಿದರು. ಗಟ್ಟಿ ನೆಲ, ಒಂದೇ ದಿನಕ್ಕೆ ಮೂರು ಪಂದ್ಯ, ಕೈಗೆ ಕೆಲವು ನೂರು ರೂಪಾಯಿ. ಮನೆಯಲ್ಲಿ ಅಕ್ಕಿ ಇಲ್ಲದವಳಿಗೆ ಹೋಗಬೇಡ ಅನ್ನುವುದು ಕಷ್ಟ. ಮಂಡಿ ಹೋಗುವುದು ಮಾತ್ರ ಅಲ್ಲೇ.

ಮಂಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಂಡಿಯೊಳಗೆ ಎಸಿಎಲ್ ಎಂಬ ಕಟ್ಟು ಇದೆ, ಓಡುತ್ತ ಸರಕ್ಕನೆ ತಿರುಗುವಾಗ ಮೊಣಕಾಲ ಮೂಳೆಗಳು ಜಾರದಂತೆ ಹಿಡಿಯುವುದು ಅದು. ಹರೆಯದ ಹುಡುಗಿಯರಲ್ಲಿ ಅದು ಹರಿಯುವ ಅಪಾಯ ಹುಡುಗರಿಗಿಂತ ಬಹಳ ಹೆಚ್ಚು. ಸೊಂಟದ ಅಗಲ, ತೊಡೆಯ ಹಿಂಬದಿಯ ಸ್ನಾಯುಗಳ ಬಲ, ನೆಗೆದು ಇಳಿಯುವಾಗ ಮಂಡಿ ಒಳಕ್ಕೆ ಬಾಗುವ ರೀತಿ, ಹೀಗೆ ಕಾರಣಗಳು ಹಲವು. ಒಮ್ಮೆ ಹರಿದರೆ ಶಸ್ತ್ರಚಿಕಿತ್ಸೆ, ಒಂಬತ್ತು ತಿಂಗಳಾದರೂ ಆಟದಿಂದ ದೂರ. ಕೂಲಿ ಮಾಡುವವರ ಮನೆಯಲ್ಲಿ ಅದರ ಅರ್ಥ ಆಟ ಮುಗಿಯಿತು ಎಂದೇ. ಇದಕ್ಕೆ ಮದ್ದು ಇದೆ, ದುಡ್ಡೂ ಬೇಕಿಲ್ಲ. ಫಿಫಾದ ವೈದ್ಯಕೀಯ ತಂಡ ರೂಪಿಸಿದ ‘11+’ ಎಂಬ ವ್ಯಾಯಾಮದ ಕ್ರಮದಲ್ಲಿ 15 ಬಗೆಯ ಕಸರತ್ತು, ಒಟ್ಟು 20 ನಿಮಿಷ. ನಾರ್ವೆಯಲ್ಲಿ 13ರಿಂದ 17ರ ವಯಸ್ಸಿನ ಸುಮಾರು 1,900 ಹುಡುಗಿಯರ ಮೇಲೆ ಅದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ವ್ಯಾಯಾಮ ಮಾಡಿದವರಲ್ಲಿ ಒಟ್ಟು ಗಾಯಗಳು ಮೂರನೇ ಒಂದರಷ್ಟು, ಗಂಭೀರ ಗಾಯಗಳು ಸರಿಸುಮಾರು ಅರ್ಧದಷ್ಟು ಕಡಿಮೆಯಾಗಿದ್ದವು. ಪರೀಕ್ಷೆ ನಡೆದದ್ದೇ ಹೈಸ್ಕೂಲು ವಯಸ್ಸಿನ ಹುಡುಗಿಯರ ಮೇಲೆ, ನೆನಪಿಡಿ. ಇದನ್ನು ಬಲ್ಲ ಕೋಚ್ ಇದ್ದರೆ ಸಾಕು, ಬೇರೆ ಯಾವ ಸಲಕರಣೆಯೂ ಬೇಡ. ದೀದಿ ಇದನ್ನು ಕಲಿತದ್ದು ದೇಶದ ಫುಟ್‌ಬಾಲ್ ಫೆಡರೇಷನ್‌ನ ಲೈಸೆನ್ಸ್ ಕೋರ್ಸಿನಲ್ಲಿ. ಒಂಟಿ ಕಾಲಲ್ಲಿ ನಿಂತು ಚೆಂಡು ಎಸೆಯುವ ಕಸರತ್ತಿಗೆ ಹುಡುಗಿಯರು ‘ಬಕ’ ಎಂದು ಹೆಸರಿಟ್ಟಿದ್ದಾರೆ, ಕೊಕ್ಕರೆ.

ಕೋಚ್ ಹೆಣ್ಣೇ ಆಗಿರಬೇಕಾ? ಸುಶೀಲ್ ಭಟ್ಟಾಚಾರ್ಯರ ಉದಾಹರಣೆ ಕೊಟ್ಟ ಮೇಲೆ ಹಾಗೆ ಹೇಳಿದರೆ ತಪ್ಪಾಗುತ್ತದೆ. ಒಳ್ಳೆಯ ಗಂಡು ಕೋಚ್‌ಗಳು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ 14 ವರ್ಷದ ಹುಡುಗಿ ಮುಟ್ಟಿನ ನೋವನ್ನು ಹೇಳಿಕೊಳ್ಳುವುದು ಯಾರ ಹತ್ತಿರ? ಬೇರೆ ಊರಿಗೆ ಪಂದ್ಯಕ್ಕೆ ಹೋದಾಗ ರಾತ್ರಿ ಅವಳ ಕೋಣೆಯ ಬಾಗಿಲು ಕಾಯುವವರು ಯಾರು? 2022ರಲ್ಲಿ 17 ವರ್ಷದೊಳಗಿನವರ ಭಾರತ ತಂಡ ಯುರೋಪ್ ಪ್ರವಾಸದಲ್ಲಿದ್ದಾಗ ಅನುಚಿತ ವರ್ತನೆಯ ಆರೋಪದ ಮೇಲೆ ಸಹಾಯಕ ಕೋಚ್ ಒಬ್ಬರನ್ನು ಫೆಡರೇಷನ್ ತೆಗೆದುಹಾಕಬೇಕಾಯಿತು. ದೇಶದ ತಂಡದಲ್ಲೇ ಹೀಗಾದರೆ ಊರಿನ ಶಾಲೆಯ ಅಪ್ಪ ಅಮ್ಮಂದಿರು ಯಾವ ಧೈರ್ಯದ ಮೇಲೆ ಕಳಿಸಬೇಕು? ಹುಡುಗಿಯರ ಪ್ರತಿ ತಂಡದ ಜೊತೆ ಜವಾಬ್ದಾರಿ ಹೊತ್ತ ಒಬ್ಬ ಹೆಂಗಸು ಇರಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅಂಥ ಹೆಂಗಸರು ಕೋಲ್ಕತ್ತದಲ್ಲಿ ಇದ್ದಾರೆ. ಭಾರತ ತಂಡಕ್ಕೆ ಆಡಿದ ಸುಜಾತಾ ಕರ್ ಈಸ್ಟ್ ಬೆಂಗಾಲ್‌ನ ಮಹಿಳಾ ತಂಡಕ್ಕೆ ಕೋಚ್ ಆಗಿದ್ದರು. ಕುಂತಲಾ ಘೋಷ್ ದಸ್ತಿದಾರ್ ಆಟ ಬಿಟ್ಟ ಮೇಲೆ ಕೋಚಿಂಗ್‌ಗೇ ಬಂದರು. ಆಡಿ ನಿವೃತ್ತರಾದ, ಹೆಸರು ಹೆಚ್ಚು ಕೇಳಿಬರದ ನೂರಾರು ಮಂದಿ ಮನೆಯಲ್ಲಿದ್ದಾರೆ.

ಅವರಿಗೆ ಶಾಲೆಯಲ್ಲಿ ಹುದ್ದೆ ಇಲ್ಲ. ದೀದಿಯ ಸಂಬಳ ಬರುವುದು ಬೆಳಗಿನ ಬೇರೆ ಕೆಲಸದಿಂದ. ಸಂಜೆಯ ಈ ಒಂದೂವರೆ ಗಂಟೆ, ಆಮೇಲಿನ ಮನೆಭೇಟಿ, ಭಾನುವಾರದ ಮಾತುಕತೆ ಯಾವ ಖಾತೆಗೂ ಸೇರುವುದಿಲ್ಲ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ‘ಸಬೂಜ್ ಸಾಥಿ’ ಯೋಜನೆಯಲ್ಲಿ ಸೈಕಲ್ ಕೊಡುವ ಸರ್ಕಾರ, ಆ ಸೈಕಲ್ ತುಳಿದು ಹುಡುಗಿ ಬಂದು ಸೇರುವ ಮೈದಾನಕ್ಕೆ ಒಬ್ಬ ಕೋಚನ್ನೂ ಒಂಬತ್ತು, ಹತ್ತರ ಮಕ್ಕಳಿಗೆ ಒಂದು ಊಟವನ್ನೂ ಕೊಡಬಹುದು. ನಾನು ಕೇಳುವುದು ಅಷ್ಟೇ. ಕ್ರೀಡಾಂಗಣ ಬೇಡ, ಹುಲ್ಲು ಹಾಸು ಬೇಡ.

ಹಿಂದಿರುಗುವಾಗ ರೈಲ್ವೆ ಗೇಟಿನ ಹತ್ತಿರ ನಿಂತು ಅರ್ಧ ಹಿಂದಿ ಅರ್ಧ ಬಂಗಾಳಿಯಲ್ಲಿ ಮಾತಾಡುತ್ತಿದ್ದೆವು. ಕರ್ನಾಟಕದಲ್ಲಿ ಹತ್ತನೇ ಕ್ಲಾಸಿನವರೆಗೂ ಊಟ ಇದೆ ಎಂದಾಗ ದೀದಿ ನಂಬಲಿಲ್ಲ. ಮೊಟ್ಟೆಯೂ ಇದೆ ಎಂದೆ. ಲೋಕಲ್ ಹಾದುಹೋಗುವವರೆಗೂ ಸುಮ್ಮನಿದ್ದು ಆಮೇಲೆ ಕೇಳಿದರು:

“ಹಾಗಾದ್ರೆ ನಿಮ್ಮ ಶಾಲೆಗಳಲ್ಲಿ ಹುಡುಗಿಯರು ಏನು ಆಡ್ತಾರೆ?”

ಖೋಖೋ, ಕಬಡ್ಡಿ ಎಂದೆ. ಫುಟ್‌ಬಾಲ್ ಆಡೋ ಹುಡುಗರ ಪಕ್ಕದಲ್ಲಿ ಥ್ರೋಬಾಲ್ ಎಂದೂ ಹೇಳಿದೆ.

ಅವರಿಗೆ ಥ್ರೋಬಾಲ್ ಅಂದರೆ ಏನೆಂದು ಗೊತ್ತಿರಲಿಲ್ಲ. ಗೇಟು ತೆರೆಯುವವರೆಗೆ ಅದನ್ನು ವಿವರಿಸುತ್ತ ನಿಂತೆ.